ಒಳತಟ್ಟೆಯ ಅಚ್ಚು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಯಜಮಾನರ ದನಿಯಲ್ಲಿ ಇಂಟರ್‌ಕಾಂ ಮಾಡಿದ ಕತ್ತೆ ನಾನೇ. ಮಿಮಿಕ್ರಿ ನನಗೆ ಕೆಮ್ಮಿನ ಹಾಗೆ, ತಡೆದರೂ ಬಂದುಬಿಡುತ್ತದೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಪವರ್ ಪ್ರೆಸ್ಸಿನಿಂದ ವಾಚ್‌ಮನ್‌ವರೆಗೆ ನಾನು ಅನುಕರಿಸದ ದನಿಯಿಲ್ಲ. ನನ್ನ ಸ್ವಂತ ದನಿ ಮಾತ್ರ ಯಾರೂ ಅನುಕರಿಸುವಷ್ಟು ಚೆನ್ನಾಗಿಲ್ಲ.

ನಾವು ಮಾಡುವುದು ನಾಟಕದ ದೀಪ. ಈಗಿನ ಎಲ್‌ಇಡಿ ಅಲ್ಲ; ತಗಡಿನ ಮೈ, ಮುಂದೆ ದಪ್ಪ ಗಾಜು, ಒಳಗೆ ಕೆಂಡದಂತೆ ಕಾಯುವ ಬಲ್ಬು ಇರುವ ಹಳೇ ಕಾಲದ ಸ್ಪಾಟ್‌ಲೈಟು. ವೈಟ್‌ಫೀಲ್ಡಿನ ಕಡೆಯ ಒಂದು ರಂಗಮಂದಿರಕ್ಕೆ ಆ ನಮೂನೆಯೇ ಬೇಕಿತ್ತು. ಪ್ರತಿ ಭಾಗಕ್ಕೂ ರಟ್ಟಿನಲ್ಲಿ ಕತ್ತರಿಸಿದ ಅಚ್ಚು ನಮ್ಮ ಮೇಸ್ತ್ರಿಯ ಬಳಿ ಇತ್ತು. ಅದನ್ನು ತಗಡಿನ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಮಡಚಿದರೆ ದೀಪ. ಯಜಮಾನರು ನನಗೆ ಹೇಳಿದ್ದು: ‘ಅಚ್ಚೆಲ್ಲಾ ಕಂಪ್ಯೂಟರಿಗೆ ಹಾಕು. ಪಕ್ಕದ ಶೆಡ್ಡಿನ ಲೇಸರ್ ಕತ್ತರಿಸುತ್ತೆ. ಗೊತ್ತಾಯ್ತಾ?’

ಅದು ಮೇಸ್ತ್ರಿಯ ಕಿವಿಗೂ ಬಿದ್ದಿತ್ತು. ಪಕ್ಕದ ಶೆಡ್ಡಿಗೆ ಲೇಸರ್ ಬಂದ ತಿಂಗಳೇ ಅಲ್ಲಿ ಕೆಲಸಕ್ಕಿದ್ದ ಅವರ ಹಳೇ ಜೊತೆಗಾರನಿಗೆ ಆ ಶೆಡ್ಡಿನವರು ‘ಇನ್ನು ಮನೇಲಿ ರೆಸ್ಟ್ ತಗೊಳ್ಳಿ’ ಎಂದಿದ್ದರು. ಹಾಗಾಗಿ ಮೇಸ್ತ್ರಿ ಒಂದೊಂದು ಅಚ್ಚನ್ನೂ ಹಲ್ಲು ಕೀಳಿಸಿಕೊಳ್ಳುವವರಂತೆ ಕೊಟ್ಟರು. ನಾನು ಅಳತೆ ತೆಗೆಯುವಾಗ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಅವರು ಮನೆಗೆ ಹೊರಟಾಗ ನಾನು ಅವರ ಚೀಲವನ್ನೇ ನೋಡುತ್ತಿದ್ದೆ. ಚೀಲದಲ್ಲಿ ಏನೋ ಅಗಲವಾಗಿ, ಚಪ್ಪಟೆಯಾಗಿ ಇರುತ್ತಿತ್ತು. ಅಷ್ಟು ಚಪ್ಪಟೆ ಟಿಫನ್ ಬಾಕ್ಸನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ?

ನನ್ನ ಮೊದಲ ದೀಪ ತಯಾರಾಯಿತು. ಹೊತ್ತಿಸಿದೆ. ಮುಂದೆ ಬೆಳಕು ಚೆನ್ನಾಗಿಯೇ ಬಿತ್ತು, ಆದರೆ ಬಿಸಿಗಾಳಿ ಹೋಗಲೆಂದು ಮೇಲೆ ಕೊರೆದ ತೂತುಗಳಿಂದಲೂ ಬೆಳಕು ನುಗ್ಗಿ, ಛಾವಣಿಯ ತುಂಬ ಇಡ್ಲಿತಟ್ಟೆಯ ತೂತುಗಳಂಥ ಚುಕ್ಕೆ. ಕತ್ತಲ ದೃಶ್ಯದಲ್ಲಿ ಹೀರೊ ಸಾಯುವಾಗ ಪ್ರೇಕ್ಷಕರು ಮೇಲೆ ನೋಡುತ್ತಾ ಕೂರಬೇಕಿತ್ತು. ಮಾದರಿಗೆಂದು ಇಟ್ಟಿದ್ದ ಹಳೆಯ ದೀಪವನ್ನು ಬಿಚ್ಚಿ ನೋಡಿದೆ. ತೂತುಗಳ ಕೆಳಗೆ ತುಕ್ಕು ಹಿಡಿದ ಎರಡು ರಿವೆಟ್ಟು. ಅಲ್ಲಿ ಏನೋ ಇತ್ತು, ಈಗಿಲ್ಲ.

“ಮೇಸ್ತ್ರಿ, ಒಳಗೆ ಇನ್ನೊಂದು ತಟ್ಟೆ ಇತ್ತಾ?”

“ಇತ್ತೇನೋ. ಮರ್ತೋಗೈತೆ ಕಣ್ಲಾ.”

ನಾನು ಹೋದ ವರ್ಷ ಮುರಿದ ಡ್ರಿಲ್ ಬಿಟ್ಟಿನ ಸೈಜು ನೆನಪಿರುವ ಮನುಷ್ಯ ಇವರು! ಅನುಮಾನ ಗಟ್ಟಿಯಾಯಿತು. ಮಧ್ಯಾಹ್ನ ಯಜಮಾನರು ಹಿಂದಿನ ಮೆಟ್ಟಿಲಿಳಿದು ಹೊರಗೆ ಹೋದದ್ದೇ ತಡ, ಮಹಡಿಯ ಮೇಲಿನ ಅವರ ಕ್ಯಾಬಿನ್ನಿಗೆ ನುಗ್ಗಿ, ಕೆಳಗೆ ಮೇಸ್ತ್ರಿಯ ಬಳಿಯಿದ್ದ ಇಂಟರ್‌ಕಾಂಗೆ ಒತ್ತಿದೆ. ಅವರಂತೆಯೇ ಎರಡು ಸಲ ಕೆಮ್ಮಿದೆ. “ಏನ್ ಮೇಸ್ತ್ರಿ, ಊಟ ಆಯ್ತಾ? ಆ ಒಳತಟ್ಟೆ ಅಚ್ಚು ನಾಳೆ ಹುಡುಗನಿಗೆ ಕೊಟ್ಬಿಡಿ. ಗೊತ್ತಾಯ್ತಾ?”

ಆ ಕಡೆಯಿಂದ ಮೇಸ್ತ್ರಿಯ ದನಿ ಬಂತು, “ಆಯ್ತು ಸಾಮಿ.”

ಮರುದಿನ ಬೆಳಿಗ್ಗೆ ಪೇಪರಿನಲ್ಲಿ ಸುತ್ತಿದ ರಟ್ಟು ನನ್ನ ಮೇಜಿಗೆ ಬಂತು. ಇಷ್ಟು ಸಲೀಸಾಗಿ ಕೊಟ್ಟರಲ್ಲ ಎಂದು ಒಂದು ಕ್ಷಣ ಅನುಮಾನ ಬಂದದ್ದು ನಿಜ. ನನ್ನ ಜಾಣತನದ ಮೇಲಿನ ಪ್ರೀತಿ ಅದನ್ನು ನುಂಗಿಹಾಕಿತು. ಅಳತೆ ತೆಗೆದೆ, ಚಿತ್ರ ಬರೆದೆ, ಹಿಂದಿದ್ದ ಉದ್ದನೆಯ ಬಾಲ ವೈರ್ ಹೋಗುವ ದಾರಿ ಇರಬೇಕೆಂದು ಅದಕ್ಕೂ ಗೆರೆ ಹಾಕಿದೆ. ಲೇಸರಿನಲ್ಲಿ ಕತ್ತರಿಸಿದ ತಗಡು ಬಂದಾಗ ಯಜಮಾನರನ್ನೇ ಕರೆದು ನಿಲ್ಲಿಸಿಕೊಂಡು ಮಡಚತೊಡಗಿದೆ. ಎಡಬದಿ ಎದ್ದಿತು. ಬಲಬದಿ ಎದ್ದಿತು. ಹಿಂಬದಿ ಎದ್ದಿತು. ಬಾಲ ಸುತ್ತಿಕೊಂಡು ಹಿಡಿಯಾಯಿತು.

ಕಸ ಎತ್ತುವ ಮೊರ.

ಶೆಡ್ಡಿಗೆ ಶೆಡ್ಡೇ ನಕ್ಕಿತು. “ಏನಪ್ಪಾ ಇದು? ಬೆಳಕು ಮಾಡೋ ಅಂದ್ರೆ ಕಸ ಎತ್ತೋಕೆ ಹೊರಟಿದೀಯಾ?” ಎಂದರು ಯಜಮಾನರು.

ಮೇಸ್ತ್ರಿ ತಮ್ಮ ಚೀಲದಿಂದ ಒಂದು ತಗಡಿನ ತಟ್ಟೆ ತೆಗೆದರು. ಅದರ ತೂತುಗಳು ಮೇಲಿನ ತೂತುಗಳ ನೇರಕ್ಕಿರದೆ ನಡುನಡುವೆ ಇದ್ದವು. ನನ್ನ ದೀಪದೊಳಗೆ ಅದನ್ನು ಕೂರಿಸಿ ಸ್ವಿಚ್ ಹಾಕಿದರು. ಮೇಲೆ ಕೈಯಿಟ್ಟರೆ ಬಿಸಿಗಾಳಿ ತಾಗಿತು. ಛಾವಣಿಯಲ್ಲಿ ಒಂದು ಚುಕ್ಕೆಯೂ ಇಲ್ಲ.

“ಕಾವು ಓಗ್ಬೇಕು, ಬೆಳ್ಕು ಓಗ್ಬಾರ್ದು. ಈ ತಟ್ಟೆ ನಾನಿರೋಗಂಟ ನಾನೇ ಮಾಡ್ತೀನಿ ಸಾಮಿ. ಅಚ್ಚು ಕೊಡಕ್ಕಿಲ್ಲ.”

ಯಜಮಾನರು ಛಾವಣಿ ನೋಡಿದರು, ನನ್ನ ಕೈಯಲ್ಲಿದ್ದ ಮೊರ ನೋಡಿದರು. “ಆಯ್ತು. ಒಳತಟ್ಟೆ ನಿಮ್ಮದೇ. ಗೊತ್ತಾಯ್ತಾ?” ಎಂದು ಮೇಲೆ ಹೋದರು. ಮೇಸ್ತ್ರಿ ಇಂಟರ್‌ಕಾಂ ವಿಷಯ ಬಾಯಿಬಿಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: “ಮೇಸ್ತ್ರಿ, ಎಲ್ಲಿ ಸಿಕ್ಕಾಕೊಂಡೆ? ಕೆಮ್ಮು, ಗೊತ್ತಾಯ್ತಾ, ಎಲ್ಲಾ ಕರೆಕ್ಟಾಗೇ ಇತ್ತಲ್ಲಾ?”

“ದನಿಯೆಲ್ಲ ಸರ್ಯಾಗೇ ಇತ್ತು ಕಣ್ಲಾ. ಆದ್ರೆ ಇಷ್ಟು ವರ್ಸದಲ್ಲಿ ಆವಯ್ಯ ಒಂದ್ ದಿನಾನಾರ ನನ್ನ ‘ಊಟ ಆಯ್ತಾ’ ಅಂತ ಕೇಳಿದ್ದುಂಟಾ?”