ಚಿಗರಿಗೆ ನೀರು ಕುಡಿಸಿದ ಬ್ಯಾಸಗಿ

ಆಗೆಲ್ಲ ಇಳಿಹೊತ್ತಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಮೂವರು ಕೂತಿರುತ್ತಿದ್ದೆವು: ಅಜ್ಜ, ನಾನು, ಚಿಗರಿ. ಚಿಗರಿ ಅಂದರೆ ನಮ್ಮ ಬೆಕ್ಕು. ಮರಿ ಇದ್ದಾಗ ಕುರಿಹಟ್ಟಿಯ ಬೇಲಿಯನ್ನು ಅಡವಿಯ ಚಿಗರಿಯ ಹಾಗೆ, ಜಿಂಕೆಯ ಹಾಗೆ, ಜಿಗಿಯುತ್ತಿತ್ತಂತೆ, ಅದಕ್ಕೇ ಅಜ್ಜ ಆ ಹೆಸರಿಟ್ಟಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಅಪ್ಪ ನಮ್ಮೂರು ಬಮ್ಮಿಗಟ್ಟಿಯಿಂದ ಕಲಘಟಗಿಗೆ ಟಂಟಂ ಗಾಡಿ ಓಡಿಸುತ್ತಿದ್ದ, ಅವನು ಬರುವುದು ಕತ್ತಲಾದ ಮೇಲೆಯೇ.

ನಾನು ಐದನೇ ಇಯತ್ತೆ ಮುಗಿಸಿದ್ದೆ. ಅದರ ಹಿಂದಿನ ದೀಪಾವಳಿಗೆ ಅಜ್ಜ ಕುರಿಗಳನ್ನೆಲ್ಲ ಮಾರಿದ್ದ. ಮೊಣಕಾಲು ಕೈಕೊಟ್ಟಿದ್ದವು, ಕಣ್ಣೂ ಮಂಜಾಗಿದ್ದವು. ಹಟ್ಟಿ ಬರಿದಾದರೂ ಅವನ ಕಂಬಳಿಯಲ್ಲಿ ಕುರಿಯ ವಾಸನೆ ಹೋಗಿರಲಿಲ್ಲ. ಚಿಗರಿ ಅದರ ಮೇಲೆಯೇ ಮಲಗುತ್ತಿತ್ತು. ಕುರಿ ಹೋದ ಮೇಲೆ ಅಜ್ಜನಿಗೆ ಮಾತೇ ಕಡಿಮೆ. ದಿನಕ್ಕೆ ನಾಲ್ಕೈದು ಸಲ ನನ್ನನ್ನು ಕರೆದು, "ಯವ್ವಾ, ಒಂದ ತಂಬಿಗಿ ನೀರ ತಾರಬೇ" ಅನ್ನುತ್ತಿದ್ದ, ಅಷ್ಟೆ. ಮಣ್ಣಿನ ಹರವಿಯಿಂದ ತುಂಬಿ ತಂದುಕೊಡುವುದು ನನ್ನ ಕೆಲಸ. ಬೇರೆಯವರು ತಂದರೆ, "ಅಕಿ ಎಲ್ಲಿ ಹೋದ್ಲು?" ಎಂದು ಕೇಳುತ್ತಿದ್ದ.

ಆ ಬ್ಯಾಸಗಿ ಚಿಗರಿ ಬಚ್ಚಲದ ಹಂಡೆಯ ಬಾಜೂಕ ಕೂತು ನೀರು ಕುಡಿದೇ ಕುಡಿಯಿತು. ಕುಡಿದಷ್ಟೂ ಉಚ್ಚೆ. ಒಂದು ದಿನ ಅವ್ವನ ಹೊಸ ಕೌದಿಯ ಮೇಲೆಯೇ ಹೊಯ್ದಿತು.

"ಮಾವಾ, ನಿಮ್ಮ ಬೆಕ್ಕ ಮಾಡಿದ ಕೆಲಸ ನೋಡ್ರಿ ಇಲ್ಲೆ."

"ಕೌದಿ ಒಗದರ ಹೋಗತೈತಿ ಬಿಡವಾ. ಅಕಿಗೆ ವಯಸ್ಸಾಗೇತಿ. ನಾಳೆ ನಾನೂ ಹೊಯ್ಯಾಂವನ."

ಅವ್ವ ನಗು ತಡೆಯಲು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಹದಿನೈದು ದಿನದಲ್ಲಿ ಚಿಗರಿಯ ಬೆನ್ನೆಲುಬು ಎಣಿಸುವ ಹಾಗಾಯಿತು. ಬಾಯಿ ನಾರತೊಡಗಿತು. ಅದನ್ನು ರೊಟ್ಟಿ ಬುಟ್ಟಿಯಲ್ಲಿ ಕೂಡಿಸಿ, ಮೇಲೆ ಅವ್ವನ ಹಳೆಯ ಸೀರೆ ಕಟ್ಟಿ, ಅಪ್ಪನ ಟಂಟಂನಲ್ಲಿ ಕಲಘಟಗಿಯ ದನದ ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರ್ ಹೆಣ್ಣುಮಗಳು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಅವರು ಚಿಗರಿಯ ರಕ್ತ ತೆಗೆದು ಧಾರವಾಡಕ್ಕೆ ಕಳಿಸಿದರು. ಎರಡನೇ ಸಲ ಹೋದಾಗ ಹೇಳಿದರು, ಎರಡೂ ಕಿಡ್ನಿ ಸೋತಾವ, ವಾಸಿ ಆಗೂದಿಲ್ಲ, ಆದರ ಮೈಯಾಗ ನೀರು ಇಟ್ಟರ ಇನ್ನೂ ಒಂದಿಷ್ಟು ದಿನಾ ತಗೀತೈತಿ, ಅಂತ. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರು. ಅದು ಮಡಿಕೆಯಾಗಿ ಹಾಗೇ ನಿಂತಿತು. ಆ ಚರ್ಮದ ಕೆಳಗೆ ಸೂಜಿ ಚುಚ್ಚಿ ಸಲಾಯಿನ್ ಬಿಟ್ಟರು. ಪೇರಲ ಹಣ್ಣಿನಷ್ಟು ಗುಡ್ಡೆ ಎದ್ದಿತು, ಮನೆ ಮುಟ್ಟುವುದರೊಳಗೆ ಇಳಿದೂ ಹೋಯಿತು.

ದವಾಖಾನೆಯ ಹೊರಗೆ ಟಂಟಂ ತುಂಬ ಮಂದಿ ಕೂತು ಅಪ್ಪನಿಗೆ ಬಾಯಿ ಮಾಡುತ್ತಿದ್ದರು. ಅವನು ಹೊರಗೇ ನಿಂತ. ಹಾಗಾಗಿ ಡಾಕ್ಟರ್ ಬಾಯಿ ಎಲ್ಲವನ್ನೂ ನನಗೇ ಹೇಳಿದರು. ನಾಲ್ಕು ಕಡೆ ಅಗಲ ಬಟ್ಟಲದಾಗ ನೀರು ಇಡಬೇಕು, ಊಟದ ಬಾಜೂಕ ಇಡಬಾರದು, ದಿನಕ್ಕೆ ಎರಡು ಸಲ ನೀರು ಬದಲಿಸಬೇಕು, ಗಂಜಿ ತೆಳ್ಳಗಿರಬೇಕು, ಮೂರು ದಿನಕ್ಕೊಮ್ಮೆ ಸಲಾಯಿನ್‌ಗೆ ಕರೆತರಬೇಕು.

"ಇನ್ನೊಂದ ಮಾತು ಚಂದಂಗ ಕೇಳು. ಉಪ್ಪು ಬ್ಯಾಡ. ನೀವು ತಿನ್ನೂ ಅನ್ನ ಸಾರು ಹಾಕಬ್ಯಾಡ್ರಿ. ಒಂದ ಹರಳು ಉಪ್ಪು ಸೈತ ಬ್ಯಾಡ. ತಿಳೀತಿಲ್ಲೊ?"

"ತಿಳೀತ್ರಿ" ಅಂದೆ. ತಿಳಿದಿತ್ತು.

ಮನೆಗೆ ಬಂದು ಅಜ್ಜನಿಗೆ ಮೊದಲು ಹೇಳಿದ್ದು ಚರ್ಮದ ಸುದ್ದಿ. ಅವನು ಬಗ್ಗಿ ಚಿಗರಿಯ ಹೆಗಲ ಚರ್ಮವನ್ನು ಹೆಬ್ಬಟ್ಟು ತೋರುಬೆರಳಿನಲ್ಲಿ ಹಿಡಿದು ಎತ್ತಿದ.

"ಹಿಂಗೇನು?"

"ಹೂಂ, ಅಗದಿ ಹಿಂಗ."

"ಇದು ನಮ್ಮ ವಿದ್ಯಾ. ಬಿಟ್ಟ ಕೂಡ್ಲೆ ಕುಂತರ ಮೈಯಾಗ ನೀರೈತಿ. ನಿಂತರ ಒಣಗೇತಿ. ನಮ್ಮಪ್ಪ ನನಗ ಕುರಿ ಮ್ಯಾಲ ತೋರಿಸಿದ್ದ." ಚಿಗರಿಯ ಬೆನ್ನು ಸವರುತ್ತ, "ಶ್ಯಾಣ್ಯಾಕಿ ಅದಾಳ ನಿಮ್ಮ ಡಾಕ್ಟರ್" ಅಂದ.

ಅಂದಿನಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಜ್ಜ ಚರ್ಮ ಎತ್ತಿ ನೋಡುವುದು, ನಾನು ನೀರು ಇಡುವುದು. ಕಣ್ಣು ಸರಿಯಾಗಿ ಕಾಣದಿದ್ದರೂ ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಒಂದು ಹಿತ್ತಾಳೆ ಪರಾತ, ಎರಡು ಸ್ಟೀಲಿನ ತಾಟು, ಒಂದು ಒಡೆದ ಹರವಿಯ ತಳ. ಹರವಿಯ ತಳದ ನೀರಿಗೆ ತಂಪು ಮಣ್ಣಿನ ವಾಸನೆ, ಚಿಗರಿಗೆ ಅದೇ ಸೇರುತ್ತಿತ್ತು. ಓಣಿಯ ಹುಡುಗಿಯರು ಕುಂಟಬಿಲ್ಲೆಗೆ ಕರೆಯಲು ಬಂದರೆ, "ನನಗ ಪೇಶಂಟ್ ಐತಿ" ಅನ್ನುತ್ತಿದ್ದೆ. "ಬೆಕ್ಕಿನ ಡಾಕ್ಟರ್ ಬಂದ್ಲು, ಹಾದಿ ಬಿಡ್ರಿ" ಎಂದು ಅವರು ಕುಂಟುತ್ತಲೇ ಕೂಗುತ್ತಿದ್ದರು. ಅವ್ವ ಜೋಳದ ನುಚ್ಚು ಕುದಿಸುವಾಗ, ಉಪ್ಪು ಹಾಕುವ ಮೊದಲು ಒಂದು ಬಟ್ಟಲು ನಾನೇ ತೆಗೆದಿಡುತ್ತಿದ್ದೆ. ಯಾಕೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ದಿನಕ್ಕೊಮ್ಮೆಯ ಸಲಾಯಿನ್ ಎರಡು ಸಲಕ್ಕೇ ನಿಂತಿತು. ಮದುವೆಯ ಹಂಗಾಮು. ಅಪ್ಪನ ಗಾಡಿಯಲ್ಲಿ ಬೀಗರಿಗೆ ಜಾಗ ಇತ್ತು, ಬೆಕ್ಕಿಗೆ ಇರಲಿಲ್ಲ. ಬಿಸಿಲು ಏರಿತು. ಒಂದು ದಿನ ಚಿಗರಿ ನಾಲ್ಕೂ ಬಟ್ಟಲು ಮೂಸಿ, ಒಂದನ್ನೂ ಮುಟ್ಟದೆ ಕಂಬಳಿಗೆ ಹೋಗಿ ಮಲಗಿತು. ಮರುದಿನವೂ ಹಾಗೆಯೇ. ಅಜ್ಜ ಚರ್ಮ ಎತ್ತಿದ. ಬಿಟ್ಟ. ಎತ್ತಿದ್ದು ಎತ್ತಿದಂತೇ ಇತ್ತು.

"ಗೂಟದ ಮ್ಯಾಲಿನ ಚೀಲ ತಾ."

ಅದು ಅವನು ಕುರಿ ಕಾಯಲು ಹೋಗುವಾಗ ಒಯ್ಯುತ್ತಿದ್ದ ಉಪ್ಪಿನ ಚೀಲ. ಕುರಿ ನೀರು ಒಲ್ಲೆ ಅಂದರೆ ಉಪ್ಪು ನೆಕ್ಕಿಸುತ್ತಿದ್ದರು. ನೆಕ್ಕಿದ ಮೇಲೆ ಬಾಯಾರಿ ತಾವಾಗಿ ಹಳ್ಳಕ್ಕೆ ಇಳಿಯುತ್ತಿದ್ದವು. ನಾನು ಚೀಲ ತಂದುಕೊಟ್ಟೆ. ಅಜ್ಜ ಒಂದು ಹರಳನ್ನು ಅಂಗೈಯಲ್ಲಿ ಪುಡಿ ಮಾಡಿ, ಹೆಬ್ಬಟ್ಟಿಗೆ ಹಚ್ಚಿಕೊಂಡು, ಚಿಗರಿಯ ಬಾಯಿ ಬಿಡಿಸಿ ನಾಲಿಗೆಗೆ ತಿಕ್ಕಿದ. ನಾನು "ಅಜ್ಜಾ" ಅಂದೆ.

"ಯಾಕಬೇ?"

ಅಷ್ಟರಲ್ಲಿ ಚಿಗರಿ ಎದ್ದಿತು. ತೂರಾಡುತ್ತ ಹರವಿಯ ತಳದ ಹತ್ತಿರ ಹೋಯಿತು. ಲಪಲಪ ಲಪಲಪ ಕುಡಿಯಿತು. ಅಜ್ಜ ಆ ಸಪ್ಪಳಕ್ಕೆ ಕಿವಿ ಕೊಟ್ಟು ಕೂತ, ಆಮೇಲೆ ತೊಡೆ ಬಡಿದುಕೊಂಡು ನಕ್ಕ. ಕುರಿ ಮಾರಿದ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏನೋ ಅನ್ನಾಕಿ ಇದ್ದೆಲ್ಲ?"

"ಏನಿಲ್ಲ" ಅಂದೆ.

ಹತ್ತು ದಿನ ಹಬ್ಬದ ಹಾಗೆ ಹೋದವು. ಹಾದಿಯಲ್ಲಿ ಹೋಗುವವರನ್ನು ಅಜ್ಜ ಕರೆದು ಕರೆದು ಹೇಳುತ್ತಿದ್ದ, "ಡಾಕ್ಟರ್ ಸೂಜಿ ಮಾಡಲಾರದ್ದು ನನ್ನ ಹೆಬ್ಬಟ್ಟು ಮಾಡೇತಿ ನೋಡ್ರಿ." ಮಂದಿ ಕೂತು ಕೇಳುತ್ತಿದ್ದರು, ಅವ್ವ ಚಹಾ ಕೊಡುತ್ತಿದ್ದಳು. ದಿನಾ ಸಂಜೆ ಚೀಲ ಇಳಿಸಿಕೊಡುವವಳು ನಾನೇ. ಉಪ್ಪು ಬ್ಯಾಡ ಅಂದಿದ್ದನ್ನು ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ನಿನ್ನೆ ಯಾಕ ಹೇಳಲಿಲ್ಲ ಅಂದರೆ ಏನು ಹೇಳುವುದು? ಹೀಗೆ ಒಂದೊಂದು ದಿನ ಕಳೆದಷ್ಟೂ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು.

ಹನ್ನೊಂದನೆಯ ದಿನ ಬೆಳಗ್ಗೆ ಚಿಗರಿ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡಿತು. ಹಿಂದೆ ಸರಿದು ಮತ್ತೆ ಅಲ್ಲಿಗೇ ಬಡಿಯಿತು. ಬಿಸಿಲಿಗೆ ಹಿಡಿದರೂ ಅದರ ಕಣ್ಣೊಳಗಿನ ಕಪ್ಪು ಸಣ್ಣದಾಗಲಿಲ್ಲ. "ನನ್ನಂಗ ಆದ್ಲು" ಎಂದು ಅಜ್ಜ ಅದನ್ನು ಮಡಿಲಿಗೆ ಎಳೆದುಕೊಂಡ. ಅಪ್ಪನಿಗೆ ಏನನ್ನಿಸಿತೋ, ಅಂದು ಗಾಡಿಯಲ್ಲಿ ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ.

ಡಾಕ್ಟರ್ ಬಾಯಿ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. "ಬಿಪಿ ಏರಿ ಕಣ್ಣಿಗೆ ಬಡದೈತಿ. ಉಪ್ಪಿಂದು ಏನರ ಕೊಟ್ಟೀರೇನು?"

ಕತ್ತಲಾದ ಮೇಲೆ ಮನೆಗೆ ಬರುವ ಅಪ್ಪನಿಗೆ ಅಲ್ಲಿ ನಡೆದದ್ದು ಏನೂ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದ.

"ಇಲ್ರಿ" ಅಂದೆ.

ಅವರು ಒಂದು ಗುಳಿಗೆ ಕೊಟ್ಟು, ಸಲಾಯಿನ್ ಬಿಟ್ಟು ಕಳಿಸಿದರು. ಮನೆಯಲ್ಲಿ ಚೀಲ ಮತ್ತೆ ಇಳಿಯಿತು, ಯಾಕೆಂದರೆ ಇಲ್ಲ ಅಂದವಳು ಈಗ ಹೌದು ಅನ್ನುವುದು ಹೇಗೆ? ನಾಲ್ಕನೇ ದಿನ ಚಿಗರಿ ಅಜ್ಜನ ಕಂಬಳಿಯ ಮೇಲೆ ಸತ್ತಿತು. ಹಟ್ಟಿಯ ಬೇಲಿಯ ಬುಡದಲ್ಲಿ ಅಪ್ಪ ಕುಣಿ ತೋಡಿದ. ಅಜ್ಜ ಕೋಲೂರಿಕೊಂಡು ಬಂದು ನಿಂತಿದ್ದ.

"ನಮ್ಮದ ತಪ್ಪು" ಅಂದ. "ಉಪ್ಪು ಸ್ವಲ್ಪ ಕಡಿಮಿ ಬಿತ್ತು."

ದೊಡ್ಡವಳಾದ ಮೇಲೆ ತಿಳಿದವರನ್ನು ಕೇಳಿದ್ದೇನೆ. ಉಪ್ಪಿನಿಂದಲೇ ಸತ್ತಿತು ಅಂತ ಹೇಳಲು ಬರುವುದಿಲ್ಲ, ಹೇಗೂ ಉಳಿಯುತ್ತಿರಲಿಲ್ಲ ಅನ್ನುತ್ತಾರೆ. ಒಂದು ಮಳೆಗಾಲ ಕಾಣುತ್ತಿತ್ತೇನೋ ಎಂದು ಕೇಳಿದರೆ ಮಾತು ಹೊರಳಿಸುತ್ತಾರೆ. ಹಟ್ಟಿಯ ಜಾಗದಲ್ಲಿ ಈಗ ಅಪ್ಪನ ಹೊಸ ಗಾಡಿ ನಿಲ್ಲುತ್ತದೆ. ಗೂಟಕ್ಕೆ ಮೊಬೈಲಿನ ಚಾರ್ಜರ್ ತೂಗುಬಿದ್ದಿದೆ. ಆ ಕಂಬಳಿ ಎಲ್ಲಿ ಹೋಯಿತೋ. ಚರ್ಮ ಎತ್ತಿ ನೀರು ನೋಡುವ ವಿದ್ಯೆ ಮನೆಯಲ್ಲಿ ನನಗೊಬ್ಬಳಿಗೇ ಬರುತ್ತದೆ. ನೋಡಲು ಒಂದು ಪ್ರಾಣಿಯೂ ಇಲ್ಲ.

ಚಿಗರಿ ಸತ್ತ ಎರಡು ವರ್ಷಕ್ಕೆ ಅಜ್ಜನ ಪಾದ ಬಾತವು. ಕಲಘಟಗಿಯ ಸರಕಾರಿ ದವಾಖಾನೆಗೆ ಅವನ ಕೈ ಹಿಡಿದು ಒಳಗೆ ಕರೆದೊಯ್ದವಳು ನಾನು.

"ಅಜ್ಜಾರ, ಕಿಡ್ನಿ ಸೋತಾವ್ರಿ. ಉಪ್ಪು ಬಿಡಬೇಕು ನೋಡ್ರಿ" ಅಂದರು ಡಾಕ್ಟರ್.

"ತಿಂದರ ಏನಾಗತೈತ್ರಿ?"

"ಇದ್ದದ್ದೂ ಹೋಗತೈತಿ. ಬಿಪಿ ಏರತೈತಿ, ಕಣ್ಣಿಗೆ ಬಡೀತೈತಿ."

ಅಜ್ಜ ಕೋಲು ತಡವಿ ಎದ್ದ. ತಿರುಗಿ ಬರುವಾಗ ಗಾಡಿಯಲ್ಲಿ, ರಸ್ತೆಯ ಕಡೆಗೇ ಮುಖ ಮಾಡಿಕೊಂಡು, "ಚಿಗರಿ ಡಾಕ್ಟರೂ ಹಿಂಗ ಅಂದಿದ್ಲೇನು?" ಅಂದ.

"ಹೂಂ."

"ಯಾವಾಗ?"

"ಮೊದಲನ."

ಮನೆಗೆ ಬಂದವನೇ ಗೂಟ ತಡವಿ ಚೀಲ ಇಳಿಸಿ, ಉಪ್ಪನ್ನೆಲ್ಲ ಬಚ್ಚಲಕ್ಕೆ ಸುರಿದು, ಕಟ್ಟೆಯ ಮೇಲೆ ಹೋಗಿ ಕೂತ. ಅವನು ಕೇಳುವ ಮೊದಲೇ ನಾನು ತಂಬಿಗೆ ತುಂಬಿ ತಂದು ಮುಂದೆ ನಿಂತೆ. "ಅಲ್ಲಿಡು" ಅಂದ. ಇಟ್ಟೆ. ಅದನ್ನು ಮುಟ್ಟದೆ ಒಳಗಿದ್ದ ಅವ್ವನನ್ನು ಕರೆದ.

"ಶಂಕ್ರವ್ವಾ, ಒಂದ ತಂಬಿಗಿ ನೀರ ತಾರವಾ."

ಅವ್ವ ಹೊರಗೆ ಬಂದಳು. ಅವನ ಬಾಜೂಕ ಇದ್ದ ತುಂಬಿದ ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಬೇರೆ ನೀರು ತಂದಳು.