ಮಾಯಿ ನುಂಗಿಕೊಳ್ಳುತ್ತಿದ್ದ ಸಾಲು

ಒದ್ದೆ ಬಾಳೆನಾರಿನ ವಾಸನೆ ಮೂಗಿಗೆ ತಾಗಿದರೆ ಸಾಕು, ಉಡುಪಿಯ ಹೂವಿನಂಗಡಿಯ ಮುಂದೆ ನಿಂತಿದ್ದೇನೆಂಬುದೇ ನನಗೆ ಮರೆತುಹೋಗುತ್ತದೆ. ಶಂಕರಪುರದ ನಮ್ಮ ಮನೆಯ ಜಗಲಿ, ಎಳೆಬಿಸಿಲು, ಮೊರದ ತುಂಬ ಮಲ್ಲಿಗೆ ಮೊಗ್ಗು, ಕಾಲು ಚಾಚಿ ಕೂತು ಹೂ ಕಟ್ಟುವ ಅಜ್ಜಿ, ಎಲ್ಲವೂ ನೀರೊಳಗಿನ ಚಿತ್ರದ ಹಾಗೆ ಮೆಲ್ಲನೆ ಅಲುಗುತ್ತ ಮೇಲೆ ಬರುತ್ತವೆ. ಅಜ್ಜಿಯನ್ನು ನಾವು ಮಾಯಿ ಎನ್ನುತ್ತಿದ್ದೆವು. ಸಂಜೆ ಇಗರ್ಜಿಯ ಗಂಟೆ ಕೇಳಿದೊಡನೆ ಅವಳು ಮೇಣದಬತ್ತಿ ಹಚ್ಚಿ ಜಪಸರ ಹಿಡಿಯುತ್ತಿದ್ದಳು. ನಾವು ಚಾಪೆಯ ಮೇಲೆ ಮೊಣಕಾಲೂರಿ, ಅರೆನಿದ್ದೆಯಲ್ಲಿ ತೂಗುತ್ತ, ಅವಳ ದನಿಯ ಹಿಂದೆ ಹೋಗುತ್ತಿದ್ದೆವು. ಆದರೆ ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ' ಎನ್ನುವ ಸಾಲು ಬಂದಾಗ ಮಾಯಿ ಸುಮ್ಮನಾಗುತ್ತಿದ್ದಳು. ಆ ಸಾಲನ್ನು ಮಕ್ಕಳೇ ಹೇಳಿ ಮುಗಿಸುತ್ತಿದ್ದೆವು.

ಕಾರಣ ಎಲ್ಲರಿಗೂ ಗೊತ್ತಿತ್ತು. ಗದ್ದೆಯಾಚೆಯ ಬಾಬಣ್ಣ ಟೆಂಪೋ ಓಡಿಸುತ್ತಿದ್ದವರು. ಕಾಪುವಿನ ದಾರಿಯ ತಿರುವಿನಲ್ಲಿ ಒಂದು ಕ್ಷಣ ಕಣ್ಣು ತಪ್ಪಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಮಾಯಿಯ ಮಗ, ನನ್ನ ಚಿಕ್ಕಪ್ಪನಿಗೆ ಅವರ ಗಾಡಿ ಬಡಿಯಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದವರೂ ಅವರೇ. ಚಿಕ್ಕಪ್ಪ ಉಳಿಯಲಿಲ್ಲ. ಆಮೇಲೆ ಬಾಬಣ್ಣ ಗಾಡಿ ಮುಟ್ಟಲಿಲ್ಲ. ಬಸ್ಸಿಗೆ ಹೋಗುವ ದಾರಿ ನಮ್ಮ ಅಂಗಳದಲ್ಲೇ ಇದ್ದರೂ ಅವರು ಗದ್ದೆಯ ಹುಣಿಯ, ಆ ಕಿರಿದಾದ ಬದುವಿನ, ಮೇಲೆ ಸುತ್ತಿ ಹೋಗುತ್ತಿದ್ದರು. ಮಾಯಿ ಅವರನ್ನು ಬೈದದ್ದಿಲ್ಲ. ಪಾದ್ರಿಗಳು ಒಮ್ಮೆ ಮೆಲ್ಲಗೆ ಕ್ಷಮೆಯ ಮಾತೆತ್ತಿದಾಗ, "ಸುಳ್ಳು ಹೇಳಿ ದೇವರ ಮುಂದೆ ಹೇಗೆ ಮೊಣಕಾಲೂರಲಿ ಫಾದರ್? ನನ್ನಲ್ಲಿ ಅದು ಇಲ್ಲ. ದೇವರೇ ಕೊಡಬೇಕು, ಕೇಳ್ತಾ ಇದ್ದೇನೆ," ಎಂದಿದ್ದಳು.

ಒಂದು ಬೆಳಿಗ್ಗೆ ಬಾಬಣ್ಣ ಜ್ವರ ಬಂದ ತಾಯಿಯನ್ನು ಬೆನ್ನಿಗೆ ಹೊತ್ತುಕೊಂಡು ಹುಣಿಯ ಮೇಲೆ ಜಾರುತ್ತ, ತಡವರಿಸುತ್ತ ಬರುತ್ತಿದ್ದರು. ಮಾಯಿ ಹೂ ಕಟ್ಟುವುದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಮೊರವನ್ನು ಬದಿಗಿಟ್ಟು ಗದ್ದೆಗೆ ಇಳಿದಳು.

"ಬಾಬಣ್ಣ, ಅಲ್ಲಿಂದ ಎಂತಕ್ಕೆ? ನಮ್ಮ ಅಂಗಳದಲ್ಲೇ ಬನ್ನಿ."

ಅವರು ನಿಂತಲ್ಲೇ ನಿಂತರು. ಮಾಯಿಯೇ ಹೋಗಿ ಆ ಮುದುಕಿಯ ಬೆನ್ನಿಗೆ ಕೈಕೊಟ್ಟು ಜಗಲಿಗೆ ಕರೆತಂದಳು, ಬಿಸಿ ಗಂಜಿತಿಳಿ ಕುಡಿಸಿದಳು. ಬಾಬಣ್ಣ ಕೂರಲಿಲ್ಲ, ಕಂಬ ಹಿಡಿದು ಮುಖ ಆಚೆ ಮಾಡಿಕೊಂಡು ಅತ್ತರು. ಅಂದು ಸಂಜೆ ಆ ಸಾಲು ಬಂದಾಗ ನಮ್ಮ ದನಿಗಳ ನಡುವೆ ಒಂದು ಒಡಕು ದನಿ ಕೇಳಿಸಿತು. ಮಕ್ಕಳೆಲ್ಲ ತಟ್ಟನೆ ಸುಮ್ಮನಾದೆವು. ಮಾಯಿ ಒಬ್ಬಳೇ ಹೇಳಿ ಮುಗಿಸಿದಳು.

ಮಲಗುವಾಗ ನಾನು, ಈಗ ಸಿಟ್ಟು ಹೋಯಿತಾ ಎಂದು ಕೇಳಿದೆ.

"ಇನ್ನೂ ಉಂಟು ಮಗಾ. ನಾಳೆಯೂ ಬರ್ತದೆ. ಇವತ್ತಿಗೆ ಬೇಕಾದಷ್ಟು ದೇವರು ಕೊಟ್ಟ. ನಾಳೆಯದನ್ನು ನಾಳೆ ಕೇಳಬೇಕು."

ನಿಜಕ್ಕೂ ಕೆಲವು ಸಂಜೆ ಅವಳು ಆ ಸಾಲಿನ ಬಳಿ ತಡೆಯುತ್ತಿದ್ದಳು, ಉಸಿರೆಳೆದುಕೊಂಡು ಮುಂದುವರಿಯುತ್ತಿದ್ದಳು. ಪವಿತ್ರವಾದ ಬದುಕು ಎಂದು ಯಾರಾದರೂ ಹೇಳಿದರೆ ನನಗೆ ಆ ಉಸಿರೇ ಕೇಳಿಸುತ್ತದೆ.

ಮಾಯಿ ತೀರಿಕೊಂಡಾಗ ಬಾಬಣ್ಣ ಬಂದು ದೂರದಲ್ಲಿ ನಿಂತಿದ್ದರು. ಅಷ್ಟು ವರ್ಷ ಅವರೊಡನೆ ಮಾತಾಡದ ನನ್ನ ಅಪ್ಪ ಶವಪೆಟ್ಟಿಗೆಯ ಹಿಡಿಯಿಂದ ಕೈ ತೆಗೆದು, ಸ್ವಲ್ಪ ಸರಿದು, ಅವರಿಗೆ ಜಾಗ ಕೊಟ್ಟರು. ಈಗ ಆ ಮನೆಯಿಲ್ಲ, ಅಪ್ಪ, ಬಾಬಣ್ಣ ಇಬ್ಬರೂ ಇಲ್ಲ. ಕೊನೆಯ ವರ್ಷಗಳಲ್ಲಿ ಭಾನುವಾರದ ಪೂಜೆ ಮುಗಿಸಿ ಬರುವ ಅಪ್ಪನಿಗಾಗಿ ಬಾಬಣ್ಣ ಇಗರ್ಜಿಯ ಹೊರಗಿನ ಕಟ್ಟೆಯಲ್ಲಿ ಕಾದಿರುತ್ತಿದ್ದರು. ಹೆಚ್ಚು ಮಾತಿಲ್ಲದೆ, ಬಿಸಿಲು ಏರುವವರೆಗೂ ಇಬ್ಬರೂ ಅಲ್ಲಿ ಒಟ್ಟಿಗೆ ಕೂತಿರುತ್ತಿದ್ದರು.