ಹನ್ನೊಂದು ತೊಟ್ಟಿಗೆ ಒಂದು ಬೈಕು

ಮಿರೆನ್ ಅಚಾಬಾಲ್ ಹತ್ತೊಂಬತ್ತು ವರ್ಷದಿಂದ ನೀರು ನೋಡುತ್ತಾಳೆ. ಬೇಸಿಗೆ ಬಂತೆಂದರೆ ನಮ್ಮ ಕಡೆಯ ನಾಲ್ಕು ಮನೆಯವರ ದನ ಗುಡ್ಡ ಹತ್ತುತ್ತವೆ. ಮೇಲೆ ಹನ್ನೊಂದು ತೊಟ್ಟಿ, ಒರತೆಯಿಂದ ಪೈಪಿನಲ್ಲಿ ನೀರು. ತೊಟ್ಟಿಯೊಳಗಿನ ತೇಲುಗುಂಡು ಸಿಕ್ಕಿಕೊಂಡರೆ ನೀರು ಬೀಳುವುದು ನಿಲ್ಲುತ್ತದೆ. ಎರಡು ದಿನ ಯಾರೂ ನೋಡದಿದ್ದರೆ ಕರುಗಳು ಮಲಗಿಬಿಡುತ್ತವೆ. ಅದಕ್ಕೇ ದಿನ ಬಿಟ್ಟು ದಿನ ಅವಳು ಹೋಗಬೇಕು. ಮನೆಯಿಂದ ಮೂವತ್ತೆರಡು ಮೈಲಿ ಡಾಂಬರು, ಆಮೇಲೆ ಹದಿನೆಂಟು ಮೈಲಿ ಬರೀ ಕಲ್ಲು. ಆ ಕಲ್ಲಿನ ಇಕ್ಕಟ್ಟಿನಲ್ಲಿ ನಾಲ್ಕು ಚಕ್ರದ್ದು ಯಾವುದೂ ತೂರುವುದಿಲ್ಲ.

ಅವಳಿಗೀಗ ಐವತ್ತೆಂಟು. ನಿಂತರೆ ನನ್ನ ಎದೆಗೆ ಬರುತ್ತಾಳೆ. ಹೋದ ಚಳಿಗಾಲದಲ್ಲಿ ಎಡಭುಜದ ಆಪರೇಷನ್ ಆಯಿತು. ಏಪ್ರಿಲ್‌ನಲ್ಲಿ ಹಳೆಯ ಬೈಕಿನ ಎಂಜಿನ್ ಒಡೆಯಿತು. ಬಿಚ್ಚಿ ನೋಡಿ, “ಇದನ್ನ ಹೂಳೋದೇ ವಾಸಿ” ಎಂದೆ.

ಮೇ ತಿಂಗಳಲ್ಲಿ ನಾಲ್ಕು ಮನೆಯವರ ಪರವಾಗಿ ಬರ್ಟ್ ಲೂಮಿಸ್ ನನ್ನ ಬೈಕ್ ರಿಪೇರಿ ಅಂಗಡಿಗೆ ಬಂದ. ಜೂನ್ ಒಂದಕ್ಕೆ ಮಿರೆನ್ ಒಬ್ಬಳೇ ಹೋಗಿ ಹನ್ನೊಂದೂ ತೊಟ್ಟಿ ನೋಡಿ ಬರಬೇಕು, ಆಗದಿದ್ದರೆ ಕೆಲಸ ಬೇರೆಯವರಿಗೆ ಎಂದ. ಅವಳು ಅಲ್ಲೇ ಡಬ್ಬದ ಮೇಲೆ ಕೂತಿದ್ದಳು. ನಾನು ಸ್ಪ್ಯಾನರ್ ಕುಕ್ಕಿ, ಬಾಯಿಗೆ ಬಂದಂತೆ ಬೈದು ಅವನನ್ನು ಆಚೆ ಕಳಿಸಿದೆ. ಅದರಿಂದ ಅವಳಿಗೆ ಕವಡೆಯಷ್ಟೂ ಉಪಯೋಗವಾಗಲಿಲ್ಲ.

ಅಂಗಡಿಯಲ್ಲಿ ಎರಡು ಬೈಕಿದ್ದವು. ಒಂದು ರಸ್ತೆಗೂ ಕಾಡಿಗೂ ಆಗಲೆಂದು ಕಂಪನಿಯವರೇ ಮಾಡಿದ್ದು. ಅಗಲದ ಸೀಟು, ದೊಡ್ಡ ಟ್ಯಾಂಕು, ಎಣ್ಣೆ ಬದಲಿಸುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ತೂಕ ನೂರ ಅರವತ್ತಾರು ಕಿಲೋ. ಇನ್ನೊಂದು ಮಣ್ಣಿನಲ್ಲಿ ರೇಸ್ ಓಡಿಸುವ ಬೈಕು. ಅದಕ್ಕೆ ನಾನೇ ದೀಪ, ಇಂಡಿಕೇಟರ್, ಹಾರ್ನು, ಎರಡು ಕನ್ನಡಿ ಕೂರಿಸಿ, ಅವಳ ಕಾಲು ನೆಲಕ್ಕೆ ಸಿಗಲೆಂದು ಸೀಟು ಕೊಯ್ದು ತಗ್ಗಿಸಿ, ನಮ್ಮ ಐಡಹೋ ರಾಜ್ಯದ ನಂಬರ್ ಪ್ಲೇಟು ಹಾಕಿಸಿದ್ದೆ. ನೂರ ಒಂಬತ್ತು ಕಿಲೋ. ಆದರೆ ಸೀಟೆಂದರೆ ಹಲಗೆ, ವಾರಕ್ಕೊಮ್ಮೆ ಎಣ್ಣೆ ಬದಲಿಸಬೇಕು.

ಬೈಕನ್ನು ಪಿಕಪ್ಪಿನ ಹಿಂದೆ ಹೇರಿಕೊಂಡು ಗುಡ್ಡದ ಬುಡಕ್ಕೆ ಬರುವವರೂ ಇದ್ದಾರೆ, ಪಟ್ಟಣದವರು. ನಾವು ಅವರನ್ನು ಸವಾರರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆಬಾಗಿಲಲ್ಲಿ ಹತ್ತಿದವನು ಮನೆಬಾಗಿಲಲ್ಲೇ ಇಳಿಯಬೇಕು. ಅಂಥ ಪಿಕಪ್ಪು ಅಂಗಡಿ ಮುಂದೆ ಹೋದಾಗ “ಬೈಕಿಗೆ ಕಾಲುನೋವಾ?” ಎಂದು ನಾವೆಲ್ಲ ಕೂಗುತ್ತಿದ್ದೆವು. ಮೊದಲು ಕೂಗಿದವಳು ಮಿರೆನ್ನೇ.

ಮೇ ಕೊನೆಯ ಶನಿವಾರ ಇಬ್ಬರೂ ಹೊರಟೆವು. ಅವಳು ಭಾರದ್ದರ ಮೇಲೆ, ನಾನು ಹಗುರದ್ದರ ಮೇಲೆ. ಡಾಂಬರಿನಲ್ಲಿ ಅವಳು ಸೋಫಾದ ಮೇಲೆ ಕೂತಂತೆ ಹೋದಳು. ನಾಲ್ಕನೇ ತೊಟ್ಟಿ ದಾಟಿ ಏರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಹೊಡೆಯಿತು. ಬೈಕು ಮಗ್ಗುಲಿಗೆ ಬಿತ್ತು. ನಾನು ಓಡಿದೆ.

“ಮುಟ್ಟಬೇಡ ವೆಂಡೆಲ್. ಜೂನ್ ಒಂದಕ್ಕೆ ನೀನಿರ್ತೀಯಾ ಇಲ್ಲಿ?”

ಸೀಟಿಗೆ ಬೆನ್ನು ಕೊಟ್ಟು, ಕಾಲೂರಿ, ನೂಕಿದಳು. ಗೇಣುದ್ದ ಎದ್ದು ಮತ್ತೆ ಕೂತಿತು. ಮೂರು ಸಲ ಹಾಗೇ. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ, ಜೇಬಿಗೆ ತುರುಕಿಕೊಂಡೆ. ಕೊನೆಗೆ ಅವಳು ಕಲ್ಲಿನ ಮೇಲೆ ಕೂತು, ಚೀಲದಿಂದ ಖಾರದ ಸಾಸೇಜು ಇಟ್ಟ ಬ್ರೆಡ್ಡು ತೆಗೆದು ಅರ್ಧ ಮುರಿದು ಕೊಟ್ಟಳು.

“ಒಳ್ಳೇ ಬೈಕು ಕಣೋ. ಮಲಗಿದ್ರೆ ಮಾತ್ರ ಬರ್ಟ್ ಲೂಮಿಸ್ ಥರ. ಒದ್ರೂ ಏಳಲ್ಲ.”

ಅಲ್ಲಿಂದ ಬೈಕು ಅದಲುಬದಲು ಮಾಡಿಕೊಂಡೆವು. ಹಗುರದ್ದನ್ನು ಎರಡು ಸಲ ಬೀಳಿಸಿದಳು, ಎರಡು ಸಲವೂ ಮೊಣಕಾಲು ಕೊಟ್ಟು ತಾನೇ ಎತ್ತಿದಳು. ಏಳನೇ ತೊಟ್ಟಿಯಲ್ಲಿ ಗುಂಡು ಸಿಕ್ಕಿಕೊಂಡಿತ್ತು. ಭುಜದವರೆಗೆ ಕೈ ಮುಳುಗಿಸಿ ಬಿಡಿಸಿದಳು. ಹನ್ನೊಂದೂ ಮುಗಿದವು. ಗೆದ್ದೆ ಎಂದುಕೊಂಡೆ, ನಾನು ಕಟ್ಟಿದ ಬೈಕಲ್ಲವೇ.

ವಾಪಸು ಬರುವಾಗ ಡಾಂಬರು ಸಿಕ್ಕಿತು. ಮಣ್ಣಿನ ಟೈರು, ನಡುಗುವ ಎಂಜಿನ್ನು. ದನ ತುಂಬಿದ ಲಾರಿಯೊಂದು ದಾಟಿದಾಗ ಗಾಳಿಗೆ ಅವಳು ರಸ್ತೆಯ ಆ ಬದಿಗೆ ತೂರಾಡಿದಳು. ಹದಿನೈದು ಮೈಲಿ ಆದಮೇಲೆ ಪಕ್ಕಕ್ಕೆ ನಿಲ್ಲಿಸಿದಳು. ಇಳಿಯಲಿಲ್ಲ. ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯಿಂದ ಬಿಡಿಸಿದಳು.

“ಭುಜದಿಂದ ಕೆಳಗೆ ನಂದಲ್ಲ ಅನ್ಸತ್ತೆ. ಕ್ಲಚ್ಚು ಹಿಡಿದಿದೀನೋ ಬಿಟ್ಟಿದೀನೋ ಗೊತ್ತಾಗ್ತಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಬೈಕಿನ ಮೇಲೋ, ಅವಳ ಮೇಲೋ, ತಿಳಿಯದು.

“ಹೇಳಿರ್ಲಿಲ್ವಾ? ಆಪರೇಷನ್ ಆದ್ಮೇಲೆ ಬಿಟ್ಟುಬಿಡು ಅಂತ ಬಡ್ಕೊಂಡೆ!”

“ಬಿಟ್ಟು ಏನ್ ಮಾಡ್ಲಿ? ನಿನ್ನ ಡಬ್ಬದ ಮೇಲೆ ಕೂತು ದಿನಾ ನಿನ್ನ ಅರಚಾಟ ಕೇಳ್ಲಾ?”

ಉಳಿದ ದಾರಿಯಲ್ಲಿ ನಾಲ್ಕು ಸಲ ನಿಂತೆವು. ಮನೆಬಾಗಿಲಲ್ಲಿ ಇಳಿದವಳು ಹೆಲ್ಮೆಟ್ಟೂ ತೆಗೆಯದೆ ಮೆಟ್ಟಿಲ ಮೇಲೆ ಕೂತಳು. ಒಂದು ಭಾರ, ಇನ್ನೊಂದು ನಡುಕ. ಮೂರನೆಯ ದಾರಿಯೂ ಒಂದಿತ್ತು, ನಾವೇ ಕೂಗಿ ಅಣಕಿಸುತ್ತಿದ್ದದ್ದು.

ಮರುದಿನ ಮಧ್ಯಾಹ್ನ ತೀರಿಕೊಂಡ ಗಂಡನ ಪಿಕಪ್ಪು ಓಡಿಸಿಕೊಂಡು ಅಂಗಡಿಗೆ ಬಂದಳು. ಅದನ್ನು ಮೇವು ತರಲು ಮಾತ್ರ ಹೊರಗೆ ತೆಗೆಯುತ್ತಿದ್ದಳು. ಹಿಂದೆ ಒಂದು ಉದ್ದನೆಯ ಹಲಗೆ.

“ಹಗುರದ್ದು ಕೊಡು.”

ನಾನು ಹಲಗೆ ನೋಡಿದೆ, ಅವಳ ಮುಖ ನೋಡಿದೆ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

“ಕನ್ನಡಿ ಎರಡೂ ಬಿಚ್ಚು. ಮೇಲೆ ಪೊದೆಗೆ ಸಿಕ್ಕೊಳತ್ತೆ.”

“ದೀಪ, ಹಾರ್ನು, ಕನ್ನಡಿ ಅಂತ ಹನ್ನೆರಡು ದಿನ ಬಗ್ಗಿ ಕೆಲಸ ಮಾಡಿದೀನಿ ಕಣೇ! ರಸ್ತೆ ಮೇಲೆ ಹೋಗ್ಲಿ ಅಂತ!”

“ಹೋಗತ್ತೆ. ಗಾಡಿ ಒಳಗೆ.”

ಕನ್ನಡಿ ಬಿಚ್ಚಿ ಮೊಳೆ ಡಬ್ಬಕ್ಕೆ ಎಸೆದೆ, ಒಂದು ಬಿರುಕು ಬಿಟ್ಟಿತು. ಅವಳು ಬೈಕಿಗೆ ಹೆಗಲು ಕೊಟ್ಟು ಹಲಗೆಯ ಮೇಲೆ ನೂಕಿ ಹತ್ತಿಸಿದಳು. ಬೈಕನ್ನು ಗಾಡಿಗೆ ಕಟ್ಟುವ ಪಟ್ಟಿ ಮಾತ್ರ ನಾನೇ ಎಳೆದು ಬಿಗಿದೆ. ಅಂಥ ಗಂಟು ನನ್ನ ಕೈ ಎಂದೂ ಹಾಕಿರಲಿಲ್ಲ. ಸಡಿಲವಾಯಿತೆಂದು ಅವಳು ಬಿಚ್ಚಿ ಮತ್ತೆ ಕಟ್ಟಿದಳು.

ಜೂನ್ ಒಂದಕ್ಕೆ ಬರ್ಟ್ ಗುಡ್ಡದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕಾದ. ಬೆಳಗ್ಗೆ ಆರಕ್ಕೆ ಹತ್ತಿದವಳು ಒಂದೂವರೆಗೆ ಇಳಿದಳು. ಹನ್ನೊಂದೂ ತೊಟ್ಟಿಯ ಫೋಟೋ ತೋರಿಸಿದಳು. ಅವನು ಕುರ್ಚಿ ಮಡಚಿ “ಸರಿ” ಎಂದ. ಅಷ್ಟೇ.

ಮೂರನೇ ತಾರೀಖು ನಾನು ಅಂಗಡಿ ತೆಗೆಯುತ್ತಿದ್ದೆ. ಪಿಕಪ್ಪು ಬಂತು, ಹಿಂದೆ ಬೈಕು ಕಟ್ಟಿತ್ತು. ಅಂಗಡಿ ಮುಂದೆ ನಿಧಾನ ಮಾಡಿ ಗಾಜು ಇಳಿಸಿದಳು. ಕಾದಳು.

“ಕೂಗಲ್ವೇನೋ?”

“ಗಂಟಲು ಸರಿಯಿಲ್ಲ.”

“ನಾಡಿದ್ದು ಕೂಗು ಹಾಗಾದ್ರೆ,” ಎಂದು ಗೇರು ಹಾಕಿದಳು. “ನಾಡಿದ್ದೂ ಬರ್ತೀನಿ.”